ಸಾಲ ತೀರದಿದ್ದರೇ ಲಾಭ: ಬ್ರಿಟನ್ನಿನ ವೊಂಗಾ ಪ್ರಕರಣ

ಕೊಟ್ಟ ಸಾಲ ಗಡುವಿಗೆ ವಾಪಸು ಬಂದರೆ ಕೊಟ್ಟವನಿಗೆ ಲಾಭ, ಬಾರದಿದ್ದರೆ ನಷ್ಟ. ದೊಡ್ಡ ಬ್ಯಾಂಕಿನಿಂದ ಹಿಡಿದು ಕೈಸಾಲ ಕೊಡುವವರವರೆಗೆ ಎಲ್ಲರೂ ನಂಬಿರುವ ಲೆಕ್ಕ ಇದು. ಬ್ರಿಟನ್ನಿನ ಪೇಡೇ ಸಾಲದ ಉದ್ಯಮ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಹೇಳಿದ ದಿನಕ್ಕೆ ಸಾಲ ತೀರಿಸಿ ಕೈತೊಳೆದುಕೊಂಡವರಿಂದ ಅದಕ್ಕೆ ಬರುತ್ತಿದ್ದುದು ಕಡಿಮೆ. ತೀರಿಸಲಾಗದೆ ತಿಂಗಳಿಂದ ತಿಂಗಳಿಗೆ ಮುಂದೂಡುತ್ತಾ ಹೋದವರೇ ಅದನ್ನು ಸಾಕಿದರು. ಆ ಉದ್ಯಮದ ಮುಖವೇ ಆಗಿದ್ದ ವೊಂಗಾ ಕಂಪನಿ ಹುಟ್ಟಿ, ಬೆಳೆದು, ಮುಳುಗಿದ ಬಗೆಯನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ. ಇದನ್ನು ಕೆಲವು ದುರಾಸೆಯ ಮನುಷ್ಯರ ಕತೆಯೆಂದು ಓದಿದರೆ ಮುಖ್ಯವಾದದ್ದು ಕೈತಪ್ಪುತ್ತದೆ. ತಪ್ಪು ಆದಾಯದ ಮೂಲದಲ್ಲೇ ಇತ್ತು.

ಹದಿನೈದು ನಿಮಿಷದ ಹಣ

ಪೇಡೇ ಸಾಲವೆಂದರೆ ಮುಂದಿನ ಸಂಬಳ ಬರುವವರೆಗೆ ಕೊಡುವ ಸಣ್ಣ ಮೊತ್ತ. ಅಡಮಾನವಿಲ್ಲ, ಜಾಮೀನುದಾರರಿಲ್ಲ, ಕಂತುಗಳಿಲ್ಲ. ಸಂಬಳದ ದಿನ ಅಸಲು, ಬಡ್ಡಿ ಎರಡನ್ನೂ ಒಟ್ಟಿಗೇ ಕಟ್ಟಬೇಕು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಈ ಮಾರುಕಟ್ಟೆಯನ್ನು ತನಿಖೆ ಮಾಡಿದಾಗ ಸಾಲದ ಸರಾಸರಿ ಮೊತ್ತ ಸುಮಾರು 260 ಪೌಂಡ್ ಎಂದೂ, ಒಬ್ಬ ಗ್ರಾಹಕ ವರ್ಷಕ್ಕೆ ಸರಾಸರಿ ಆರು ಸಾಲ ಪಡೆಯುತ್ತಾನೆ ಎಂದೂ ಕಂಡುಕೊಂಡಿತು. ತುರ್ತಿಗೆಂದು ಒಮ್ಮೆ ತೆಗೆದುಕೊಳ್ಳುವ ಸಾಲ ಎಂಬ ಜಾಹೀರಾತಿನ ಮಾತಿಗೆ ಆ ಎರಡನೆಯ ಅಂಕಿಯೇ ಉತ್ತರ.

ಎರೋಲ್ ಡ್ಯಾಮೆಲಿನ್ ಮತ್ತು ಜಾಂಟಿ ಹರ್ವಿಟ್ಜ್ 2006ರಲ್ಲಿ ವೊಂಗಾವನ್ನು ಸ್ಥಾಪಿಸಿದರು. ಮರುವರ್ಷ ಸಾಲ ಕೊಡುವುದು ಶುರುವಾಯಿತು. ಅದರ ಜಾಲತಾಣದಲ್ಲಿ ಇದ್ದುದು ಬೆರಳಲ್ಲಿ ಸರಿಸುವ ಎರಡು ಪಟ್ಟಿಗಳು. ಒಂದರಲ್ಲಿ ಎಷ್ಟು ಹಣ ಬೇಕು, ಇನ್ನೊಂದರಲ್ಲಿ ಎಷ್ಟು ದಿನಕ್ಕೆ ಬೇಕು ಎಂದು ತೋರಿಸಬೇಕು. ಪಕ್ಕದಲ್ಲೇ ಎಷ್ಟು ಕಟ್ಟಬೇಕಾಗುತ್ತದೆ ಎಂಬ ಮೊತ್ತ ಬದಲಾಗುತ್ತಾ ಹೋಗುತ್ತಿತ್ತು. ಸಾಲ ಕೊಡಬೇಕೋ ಬೇಡವೋ ಎಂದು ಕಂಪ್ಯೂಟರೇ ತೀರ್ಮಾನಿಸುತ್ತಿತ್ತು. ಒಪ್ಪಿಗೆಯಾದರೆ ಹದಿನೈದು ನಿಮಿಷದಲ್ಲಿ ಹಣ ಖಾತೆಯಲ್ಲಿ. ಬ್ಯಾಂಕಿನ ಕೌಂಟರಿನಲ್ಲಿ ತಲೆತಗ್ಗಿಸಿ ನಿಂತು ಬರಿಗೈಯಲ್ಲಿ ಹಿಂತಿರುಗಿದವರಿಗೆ ಇದು ಎಷ್ಟು ದೊಡ್ಡ ನಿರಾಳವಾಗಿ ಕಂಡಿರಬಹುದು ಎಂಬುದನ್ನು ಟೀಕಾಕಾರರು ಸಾಮಾನ್ಯವಾಗಿ ಮರೆಯುತ್ತಾರೆ. ಯಾರೂ ಪ್ರಶ್ನೆ ಕೇಳುವುದಿಲ್ಲ, ಯಾರೂ ಮುಖ ನೋಡುವುದಿಲ್ಲ. ಜನ ಮೋಸಹೋಗಿಯೇ ಅಲ್ಲಿಗೆ ಹೋದರು ಎನ್ನುವಂತಿಲ್ಲ. ಬೇರೆ ಕಡೆ ಸಿಗದ ಮರ್ಯಾದೆ ಮೊದಲ ದಿನ ಅಲ್ಲಿ ಸಿಕ್ಕಿತು.

ಬೆಲೆಯೋ, ದಿನಕ್ಕೆ ಸುಮಾರು ಶೇ 1ರಷ್ಟು ಬಡ್ಡಿ, ಮೇಲೆ ಐದೂವರೆ ಪೌಂಡ್ ಶುಲ್ಕ. 100 ಪೌಂಡನ್ನು 30 ದಿನಕ್ಕೆ ಪಡೆದರೆ ಹಿಂದಿರುಗಿಸಬೇಕಾದದ್ದು ಸುಮಾರು 137 ಪೌಂಡ್. ಕಾನೂನು ಕೇಳುವ ವಾರ್ಷಿಕ ದರದ ಲೆಕ್ಕದಲ್ಲಿ ಬರೆದಾಗ ಇದು ಶೇ 5,853 ಆಗುತ್ತಿತ್ತು. ಕಂಪನಿ ಈ ಅಂಕಿಯನ್ನು ಎಂದೂ ಒಪ್ಪಲಿಲ್ಲ. ಒಂದು ತಿಂಗಳ ಸಾಲಕ್ಕೆ ವರ್ಷದ ದರ ಹೇಳುವುದು ಅನ್ಯಾಯ ಎಂಬುದು ಅದರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹದಿನೆಂಟು ದಿನಕ್ಕೆ ಸಾಲ ಪಡೆದು ಹತ್ತೊಂಬತ್ತನೆಯ ದಿನ ಮುಗಿಸಿಬಿಡುವವನಿಗೆ ಐದು ಸಾವಿರದ ಆ ಅಂಕಿ ಏನನ್ನೂ ತಿಳಿಸುವುದಿಲ್ಲ. ಎಷ್ಟು ಪೌಂಡ್ ಹೆಚ್ಚು ಕಟ್ಟಬೇಕು ಎಂಬುದಷ್ಟೇ ಅವನಿಗೆ ಮುಖ್ಯ. ಆದರೆ ಸಾಲ ಹಾಗೆ ಮುಗಿಯುತ್ತಿತ್ತೇ?

ಒಂದು ಸಂಬಳದಲ್ಲಿ ತೀರದ ಸಾಲ

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 1,000 ಪೌಂಡ್ ಕೈಗೆ ಬರುವ ಒಬ್ಬರು ಎಂದಿಟ್ಟುಕೊಳ್ಳಿ. ಒಂದು ತಿಂಗಳು ಯಾವುದೋ ಖರ್ಚು ಬಂದು 200 ಪೌಂಡ್ ಕಡಿಮೆ ಬಿತ್ತು. ಪೇಡೇ ಸಾಲ ಪಡೆದರು. ಮುಂದಿನ ಸಂಬಳದ ದಿನ ಅಸಲು, ಬಡ್ಡಿ, ಶುಲ್ಕ ಎಲ್ಲ ಸೇರಿ 270 ಪೌಂಡಿನ ಆಸುಪಾಸು ಕಟ್ಟಬೇಕು. ಉಳಿಯುವುದು 730. ಆ ತಿಂಗಳು ಹೊಸ ಖರ್ಚು ಒಂದೂ ಬರಲಿಲ್ಲ, ಎಂದಿನ ಸಾವಿರದಲ್ಲೇ ಸಂಸಾರ ಸಾಗಿತು ಎಂದರೂ ಈಗ ಬೀಳುವ ಕೊರತೆ 270. ಮೊದಲ ತಿಂಗಳ ಕೊರತೆಗಿಂತ ಇದು ದೊಡ್ಡದು. ಸಾಲ ತೀರಿಸಿದ್ದೇ ಮುಂದಿನ ಸಾಲಕ್ಕೆ ಕಾರಣವಾಯಿತು.

ಇಲ್ಲಿ ಎರಡು ದಾರಿ. ಪೂರ್ತಿ ಕಟ್ಟಿ, ಅದೇ ವಾರ ಇನ್ನೊಂದು ಸಾಲ ತೆಗೆಯುವುದು ಒಂದು. ಬಡ್ಡಿಯನ್ನಷ್ಟೇ ಕಟ್ಟಿ ಅಸಲನ್ನು ಮುಂದಿನ ತಿಂಗಳಿಗೆ ತಳ್ಳುವುದು ಇನ್ನೊಂದು. ಎರಡನೆಯದನ್ನು ಅಲ್ಲಿ ರೋಲ್‌ಓವರ್ ಎನ್ನುತ್ತಿದ್ದರು. ಹೀಗೆ ಮೂರು ತಿಂಗಳು ತಳ್ಳಿದರೆ ಕಟ್ಟಿದ ಹಣ 200 ಪೌಂಡ್ ದಾಟುತ್ತದೆ, ಅಸಲು ಮಾತ್ರ ಒಂದು ಪೌಂಡೂ ಕಡಿಮೆಯಾಗಿರುವುದಿಲ್ಲ.

ಆಗ ಈ ಉದ್ಯಮದ ಮೇಲ್ವಿಚಾರಣೆ ಮಾಡುತ್ತಿದ್ದ ಆಫೀಸ್ ಆಫ್ ಫೇರ್ ಟ್ರೇಡಿಂಗ್ 2013ರ ಮಾರ್ಚ್‌ನಲ್ಲಿ 50 ಪ್ರಮುಖ ಕಂಪನಿಗಳ ವ್ಯವಹಾರವನ್ನು ಪರಿಶೀಲಿಸಿ ವರದಿ ಕೊಟ್ಟಿತು. ಇಡೀ ಪ್ರಕರಣದ ಬೀಗದ ಕೈ ನನ್ನ ಮಟ್ಟಿಗೆ ಆ ವರದಿಯಲ್ಲೇ ಇದೆ. ಮೂರರಲ್ಲಿ ಒಂದರಷ್ಟು ಸಾಲಗಳು ತಡವಾಗಿ ತೀರುತ್ತಿದ್ದವು, ಇಲ್ಲವೇ ತೀರುತ್ತಲೇ ಇರಲಿಲ್ಲ. ಕನಿಷ್ಠ ಒಮ್ಮೆ ಮುಂದೂಡಿದ ಸಾಲಗಳು ಶೇ 28. ಆದರೆ ಉದ್ಯಮದ ಆದಾಯದಲ್ಲಿ ಹತ್ತಿರ ಹತ್ತಿರ ಅರ್ಧ ಅವುಗಳಿಂದಲೇ ಬರುತ್ತಿತ್ತು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಮುಂದೂಡಿದ ಸಾಲಗಳು ಕೇವಲ ಶೇ 5. ಅವು ತರುತ್ತಿದ್ದುದು ಆದಾಯದ ಶೇ 19. ಸಾಲದ ಹೊರೆಯಲ್ಲಿ ಅತಿ ಹೆಚ್ಚು ಬಳಲಿದವರು ಯಾರೋ ಅವರೇ ಅತ್ಯುತ್ತಮ ಗ್ರಾಹಕರು. ಇಂಥ ಕಂಪನಿಗೆ ಸಾಲಗಾರನ ಆದಾಯವನ್ನು ಎಚ್ಚರದಿಂದ ಪರೀಕ್ಷಿಸು ಎಂದು ಹೇಳುವುದು ಅದರ ಗಂಟಿಗೆ ಕತ್ತರಿ ಹಾಕಿಕೋ ಎಂದು ಹೇಳಿದಂತೆ. ಕಾನೂನು ಹೇಳಿದರೂ ಮನಸ್ಸಿಟ್ಟು ಯಾರೂ ಮಾಡುವುದಿಲ್ಲ.

ಸಂಬಳದ ದಿನದ ನಸುಕು

ವಸೂಲಿಯ ವಿಧಾನವನ್ನು ಹತ್ತಿರದಿಂದ ನೋಡಬೇಕು. ಬ್ರಿಟನ್ನಿನಲ್ಲಿ ಬಡವರ ಸಾಲಕ್ಕೆ ಹಳೆಯ ಚರಿತ್ರೆಯಿದೆ. ಬ್ರಾಡ್‌ಫರ್ಡ್‌ನಲ್ಲಿ 1880ರಲ್ಲಿ ಶುರುವಾದ ಪ್ರಾವಿಡೆಂಟ್ ಕಂಪನಿಯ ಏಜೆಂಟರು ವಾರಕ್ಕೊಮ್ಮೆ ಮನೆಬಾಗಿಲಿಗೆ ಬಂದು ಕಂತು ಪಡೆಯುತ್ತಿದ್ದರು. ಆ ಸಾಲವೂ ಅಗ್ಗವಾಗಿರಲಿಲ್ಲ. ಆದರೆ ಏಜೆಂಟ್ ಅದೇ ಬೀದಿಯ ಪರಿಚಯದವರು. ಈ ವಾರ ಆಗುವುದಿಲ್ಲ ಎಂದರೆ ಮುಂದಿನ ವಾರ ಬರುತ್ತಿದ್ದರು. ಬಾಗಿಲು ತೆರೆಯುವುದೋ ಬೇಡವೋ, ಮೊದಲು ಮಕ್ಕಳ ಊಟವೋ ಕಂತೋ ಎಂಬ ತೀರ್ಮಾನ ಸಾಲಗಾರರ ಕೈಯಲ್ಲಿತ್ತು.

ಪೇಡೇ ಸಾಲದಲ್ಲಿ ಆ ತೀರ್ಮಾನ ಅವರ ಕೈಯಿಂದ ಜಾರಿತು. ಸಾಲ ಪಡೆಯುವಾಗ ಡೆಬಿಟ್ ಕಾರ್ಡಿನ ವಿವರ ಕೊಡಬೇಕಿತ್ತು. ಅದರ ಜೊತೆಗೇ, ಬೇಕಾದ ದಿನ, ಬೇಕಾದಷ್ಟು ಹಣವನ್ನು ಖಾತೆಯಿಂದ ನೇರವಾಗಿ ತೆಗೆದುಕೊಳ್ಳುವ ಅಧಿಕಾರವೂ ಕಂಪನಿಗೆ ಹೋಗುತ್ತಿತ್ತು. ಸಂಬಳ ಖಾತೆಗೆ ಬೀಳುವುದು ಬೆಳಗಿನ ಜಾವ. ಖಾತೆದಾರ ಏಳುವ ಮೊದಲೇ ಕಂಪನಿಯ ಕಂಪ್ಯೂಟರ್ ಎಳೆದುಕೊಂಡಿರುತ್ತಿತ್ತು. ಪೂರ್ತಿ ಮೊತ್ತ ಇಲ್ಲದಿದ್ದರೆ ಸ್ವಲ್ಪ ಕಡಿಮೆಗೆ ಇನ್ನೊಮ್ಮೆ, ಅದಕ್ಕೂ ಇಲ್ಲದಿದ್ದರೆ ಮತ್ತೂ ಕಡಿಮೆಗೆ ಮಗದೊಮ್ಮೆ ಪ್ರಯತ್ನಿಸುವ ರೂಢಿ ಉದ್ಯಮದಲ್ಲಿತ್ತು. ಮನೆಬಾಡಿಗೆ, ವಿದ್ಯುತ್ ಬಿಲ್ಲು, ದಿನಸಿ ಎಲ್ಲವೂ ಆಮೇಲೆ. ಬಾಡಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳುವ ಭಯ ಹುಟ್ಟಿದಾಗ ಮತ್ತೆ ಅದೇ ಎರಡು ಪಟ್ಟಿಗಳ ಮುಂದೆ ಕೂರಬೇಕು. ಪೇಡೇ ಸಾಲದ ಹಾನಿಯನ್ನೆಲ್ಲ ಬಡ್ಡಿದರದ ಮೇಲೆ ಹೊರಿಸುವವರೊಡನೆ ನನ್ನ ತಕರಾರು ಇರುವುದು ಇಲ್ಲಿಯೇ. ದುಡಿದ ಹಣವನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು ಎಂದು ನಿರ್ಧರಿಸುವ ಹಕ್ಕು ಕೈತಪ್ಪಿದ್ದು ಬಡ್ಡಿಗಿಂತ ದೊಡ್ಡ ಪೆಟ್ಟು.

ಇಷ್ಟಾದರೂ ಕಟ್ಟದವರಿಗೆ ಪತ್ರಗಳು ಹೋಗುತ್ತಿದ್ದವು. 2008ರ ಅಕ್ಟೋಬರ್‌ನಿಂದ 2010ರ ನವೆಂಬರ್‌ವರೆಗೆ ವೊಂಗಾ ತನ್ನ ಗ್ರಾಹಕರಿಗೆ ಎರಡು ವಕೀಲ ಸಂಸ್ಥೆಗಳ ಹೆಸರಿನಲ್ಲಿ ಪತ್ರ ಕಳಿಸಿತು: 'ಚೈನಿ, ಡಿಅಮಾಟೊ ಅಂಡ್ ಶಾನನ್' ಮತ್ತು 'ಬಾರ್ಕರ್ ಅಂಡ್ ಲೋ ಲೀಗಲ್ ರಿಕವರೀಸ್'. ಹಣ ಕಟ್ಟದಿದ್ದರೆ ಕಾನೂನು ಕ್ರಮ ಎಂಬ ಬೆದರಿಕೆ ಅವುಗಳಲ್ಲಿತ್ತು. ಅಂಥ ವಕೀಲ ಸಂಸ್ಥೆಗಳು ಭೂಮಿಯ ಮೇಲೆ ಇರಲಿಲ್ಲ. ಪತ್ರ ಬರೆಯುತ್ತಿದ್ದವರು ವೊಂಗಾದವರೇ. ಇಲ್ಲದ ವಕೀಲರು ಬರೆದ ಪತ್ರಗಳ ಖರ್ಚನ್ನು ಕೆಲವು ಗ್ರಾಹಕರ ಸಾಲದ ಬಾಕಿಗೇ ಸೇರಿಸಿದ್ದೂ ಉಂಟು. 2014ರ ಜೂನ್‌ನಲ್ಲಿ ಇದು ಹೊರಬಿದ್ದಾಗ ಸುಮಾರು 45,000 ಗ್ರಾಹಕರಿಗೆ 26 ಲಕ್ಷ ಪೌಂಡಿಗೂ ಹೆಚ್ಚು ಪರಿಹಾರ ಕೊಡಲು ಕಂಪನಿ ಒಪ್ಪಬೇಕಾಯಿತು. ದಂಡ ಮಾತ್ರ ಬೀಳಲಿಲ್ಲ. ಕೃತ್ಯ ನಡೆದದ್ದು ಹಳೆಯ ಮೇಲ್ವಿಚಾರಣೆಯ ಕಾಲದಲ್ಲಿ, 2014ರ ಏಪ್ರಿಲ್‌ನಲ್ಲಿ ಬಂದ ಹೊಸ ನಿಯಂತ್ರಕರಿಗೆ ಹಿಂದಿನದಕ್ಕೆ ದಂಡ ಹಾಕುವ ಅಧಿಕಾರವಿರಲಿಲ್ಲ. ಒಬ್ಬ ಸಾಮಾನ್ಯ ಮನುಷ್ಯ ವಕೀಲನ ವೇಷದಲ್ಲಿ ಹಣ ಕೇಳಿದ್ದರೆ ಇಷ್ಟು ಸುಲಭವಾಗಿ ಪಾರಾಗುತ್ತಿದ್ದನೇ?

ರಾಜ್ಯ ಹಿಂದೆ ಸರಿದ ಜಾಗ

ಇದೆಲ್ಲ ಬೆಳೆಯಲು ನೆಲ ಹದವಾದದ್ದು ಹೇಗೆ? ಬ್ರಿಟನ್ನಿನಲ್ಲಿ 1927ರ ಸಾಲಿಗರ ಕಾಯ್ದೆಯ ಪ್ರಕಾರ ವರ್ಷಕ್ಕೆ ಶೇ 48ಕ್ಕಿಂತ ಹೆಚ್ಚಿನ ಬಡ್ಡಿಯನ್ನು ನ್ಯಾಯಾಲಯ ವಿಪರೀತವೆಂದೇ ಭಾವಿಸಿ ವಿಚಾರಣೆ ನಡೆಸುತ್ತಿತ್ತು. ಅಲ್ಲವೆಂದು ತೋರಿಸುವ ಹೊಣೆ ಸಾಲ ಕೊಟ್ಟವನದು. 1974ರ ಗ್ರಾಹಕ ಸಾಲ ಕಾಯ್ದೆ ಈ ಮಿತಿಯನ್ನು ತೆಗೆದುಹಾಕಿ, ದರವನ್ನು ಸ್ಪಷ್ಟವಾಗಿ ತಿಳಿಸಿದರೆ ಸಾಕು, ಗ್ರಾಹಕನೇ ಆರಿಸಿಕೊಳ್ಳುತ್ತಾನೆ ಎಂಬ ನಂಬಿಕೆಗೆ ವಾಲಿತು. 5,853 ಎಂಬ ಅಂಕಿ ಜಾಲತಾಣದಲ್ಲಿ ಕಣ್ಣಿಗೆ ಕಾಣುವಂತೆಯೇ ಇತ್ತು. ಬೇರೆ ದಾರಿಯಿಲ್ಲದವರನ್ನು ಅದು ತಡೆಯಲಿಲ್ಲ.

2008ರ ಆರ್ಥಿಕ ಕುಸಿತದ ನಂತರ ಬ್ಯಾಂಕುಗಳು ಕೈ ಬಿಗಿಹಿಡಿದವು. ಕೆಲಸದ ಗಂಟೆಗಳಿಗೆ ಖಾತರಿಯೇ ಇಲ್ಲದ ಒಪ್ಪಂದಗಳು ಹೆಚ್ಚಿದವು. ಒಂದು ವಾರ ಮೂವತ್ತು ಗಂಟೆ ಕೆಲಸ, ಮರುವಾರ ಹತ್ತು. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಅಷ್ಟೇ. ಇದರ ನಡುವೆ ಸರ್ಕಾರ ತೆಗೆದುಕೊಂಡ ಒಂದು ತೀರ್ಮಾನ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಅತಿ ಕಡಿಮೆ ಆದಾಯದವರಿಗೆ ಸಂಕಟದ ಹೊತ್ತಿನಲ್ಲಿ ಬಡ್ಡಿಯಿಲ್ಲದೆ ಸಣ್ಣ ಸಾಲ ಕೊಡುವ ವ್ಯವಸ್ಥೆಯೊಂದು ಸಮಾಜ ಕಲ್ಯಾಣ ಇಲಾಖೆಯಲ್ಲೇ ಇತ್ತು. ಕ್ರೈಸಿಸ್ ಲೋನ್ ಎಂದು ಅದರ ಹೆಸರು. ವಸೂಲಿ ಭತ್ಯೆಯಿಂದ ಸ್ವಲ್ಪ ಸ್ವಲ್ಪವಾಗಿ. 2013ರ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿ ಹೊಣೆಯನ್ನು ಸ್ಥಳೀಯ ಆಡಳಿತಗಳ ಹೆಗಲಿಗೆ ಹಾಕಿದರು. ಪೇಡೇ ಕಂಪನಿಗಳು ಉತ್ತುಂಗದಲ್ಲಿದ್ದ ಅದೇ ಹೊತ್ತಿಗೆ! 2012ರಲ್ಲಿ ವೊಂಗಾದ ತೆರಿಗೆ ಕಳೆದ ಲಾಭ 6 ಕೋಟಿ 25 ಲಕ್ಷ ಪೌಂಡ್ ಮುಟ್ಟಿತ್ತು. 2013ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ತಂಡದ ಆಟಗಾರರ ಎದೆಯ ಮೇಲೆ ಅದರ ಹೆಸರು ರಾರಾಜಿಸತೊಡಗಿತು.

ಮಿತಿ ಬಂದದ್ದು

ಲಂಡನ್ನಿನ ವಾಲ್ಥಮ್‌ಸ್ಟೋ ಕ್ಷೇತ್ರದ ಸಂಸದೆ ಸ್ಟೆಲ್ಲಾ ಕ್ರೀಸಿ 2010ರಲ್ಲಿ ಆಯ್ಕೆಯಾದಾಗಿನಿಂದಲೇ ಸಾಲದ ಬೆಲೆಗೆ ಮಿತಿ ಬೇಕೆಂದು ಹಟ ಹಿಡಿದರು. ಸರ್ಕಾರ ಮೊದಮೊದಲು ಒಪ್ಪಲಿಲ್ಲ. ಮಿತಿ ಹಾಕಿದರೆ ಜನ ಕಾನೂನುಬಾಹಿರ ಮೀಟರ್ ಬಡ್ಡಿಯವರ ಪಾಲಾಗುತ್ತಾರೆ ಎಂಬ ಹೆದರಿಕೆಯನ್ನು ಮುಂದಿಟ್ಟಿತು. 2012ರ ನವೆಂಬರ್‌ನಲ್ಲಿ ಮೇಲ್ಮನೆಯ ಒತ್ತಡಕ್ಕೆ ಮಣಿದು, ಹೊಸ ನಿಯಂತ್ರಕ ಸಂಸ್ಥೆಗೆ ಮಿತಿ ಹಾಕುವ ಅಧಿಕಾರವನ್ನು ಕಾನೂನಿನಲ್ಲಿ ಸೇರಿಸಿತು. 2013ರ ಜುಲೈನಲ್ಲಿ ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಕ್ಯಾಂಟರ್ಬರಿಯ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ, ಚರ್ಚಿನ ಬೆಂಬಲದಿಂದ ಸಾಲ ಸಹಕಾರ ಸಂಘಗಳನ್ನು ಬೆಳೆಸಿ ವೊಂಗಾವನ್ನು ಪೈಪೋಟಿಯಲ್ಲೇ ಸೋಲಿಸುವುದಾಗಿ ಸಾರಿದರು. ಮರುದಿನವೇ, ಚರ್ಚಿನ ಹೂಡಿಕೆಯ ಹಣ ಸುತ್ತಿಬಳಸಿ ವೊಂಗಾದೊಳಗೂ ಇದೆ ಎಂಬುದು ಬಯಲಾಯಿತು. ಪತ್ರಿಕೆಗಳು ಅದನ್ನು ಹಿಡಿದು ವಾರಗಟ್ಟಲೆ ಕುಣಿದವು. ಆ ಗದ್ದಲದಲ್ಲಿ ವೆಲ್ಬಿಯವರ ಯೋಚನೆಯ ನಿಜವಾದ ತೊಡಕು ಚರ್ಚೆಗೇ ಬರಲಿಲ್ಲ. ಸಹಕಾರ ಸಂಘಗಳ ಬಡ್ಡಿಗೆ ಕಾನೂನಿನ ಮಿತಿ ತಿಂಗಳಿಗೆ ಶೇ 2. 2014ರಲ್ಲಿ ಅದು ಶೇ 3 ಆಯಿತು. 100 ಪೌಂಡ್ ಸಾಲಕ್ಕೆ ತಿಂಗಳಿಗೆ 3 ಪೌಂಡ್. ಅರ್ಜಿ ಪರಿಶೀಲಿಸುವ ನೌಕರರ ಸಂಬಳಕ್ಕೂ ಅದು ಸಾಕಾಗದು. ಸಣ್ಣ ಸಾಲ ನಿಜಕ್ಕೂ ದುಬಾರಿ ವ್ಯವಹಾರ. ಒಳ್ಳೆಯ ಮನಸ್ಸೊಂದರಿಂದಲೇ ಅದು ಅಗ್ಗವಾಗುವುದಿಲ್ಲ, ಯಾರಾದರೂ ಆ ವ್ಯತ್ಯಾಸವನ್ನು ತುಂಬಬೇಕು.

ಕೊನೆಗೂ 2013ರ ಕೊನೆಯಲ್ಲಿ ಸಂಸತ್ತು ಮಿತಿಯನ್ನು ಕಡ್ಡಾಯ ಮಾಡಿತು. 2014ರ ಏಪ್ರಿಲ್ 1ರಂದು ಉದ್ಯಮದ ಮೇಲ್ವಿಚಾರಣೆ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ಕೈಗೆ ಬಂತು. ಜುಲೈನಿಂದ ಸಾಲವನ್ನು ಎರಡಕ್ಕಿಂತ ಹೆಚ್ಚು ಸಲ ಮುಂದೂಡುವಂತಿಲ್ಲ. ಕಾರ್ಡಿನ ಮೂಲಕ ಹಣ ಎಳೆಯುವ ಪ್ರಯತ್ನ ಎರಡು ಸಲ ವಿಫಲವಾದರೆ ಅಲ್ಲಿಗೆ ನಿಲ್ಲಿಸಬೇಕು. ಚೂರುಪಾರು ಎಳೆಯುವಂತೆಯೂ ಇಲ್ಲ. 2015ರ ಜನವರಿ 2ರಿಂದ ಬೆಲೆಯ ಮಿತಿ ಜಾರಿಗೆ ಬಂತು. ಬಡ್ಡಿ, ಶುಲ್ಕ ಸೇರಿ ದಿನಕ್ಕೆ ಶೇ 0.8, ತಡವಾದರೆ ಹಾಕಬಹುದಾದ ಶುಲ್ಕ ಒಟ್ಟು 15 ಪೌಂಡ್, ಏನೇ ಆದರೂ ಬಡ್ಡಿ ಮತ್ತು ಶುಲ್ಕಗಳ ಮೊತ್ತ ಅಸಲನ್ನು ಮೀರುವಂತಿಲ್ಲ. 100 ಪೌಂಡಿಗೆ 30 ದಿನಕ್ಕೆ ಈಗ 24 ಪೌಂಡ್.

ಈ ಮೂರರಲ್ಲಿ ಪತ್ರಿಕೆಗಳು ಎತ್ತಿಹಿಡಿದದ್ದು ಮೊದಲನೆಯದನ್ನು. ಉದ್ಯಮದ ಬೇರಿಗೆ ತಾಗಿದ್ದು ಮೂರನೆಯದು ಎಂಬುದು ನನ್ನ ಅಭಿಪ್ರಾಯ. 37 ಪೌಂಡ್ 24ಕ್ಕೆ ಇಳಿದದ್ದನ್ನು ಕಂಪನಿಗಳು ಹೇಗೋ ತಾಳಿಕೊಳ್ಳಬಹುದಿತ್ತು. ಆದರೆ ಸಾಲ ಎಷ್ಟೇ ವರ್ಷ ಎಳೆದರೂ ಅಸಲಿನ ದುಪ್ಪಟ್ಟಿಗಿಂತ ಒಂದು ಪೆನ್ನಿಯೂ ಹೆಚ್ಚು ಬಾರದು ಎಂದಾದಾಗ, ತೀರಿಸಲಾಗದವನನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಲಾಭ ಉಳಿಯಲಿಲ್ಲ. ಮೊದಲ ಬಾರಿಗೆ ಸಾಲ ಕೊಡುವವನಿಗೂ ಸಾಲ ತೀರಲಿ ಎನಿಸುವ ಪರಿಸ್ಥಿತಿ ಬಂತು.

ಮಿತಿ ಬರುವ ಮೊದಲೇ ವೊಂಗಾ ಕುಸಿಯತೊಡಗಿತ್ತು. 2014ರ ಅಕ್ಟೋಬರ್‌ನಲ್ಲಿ, ತೀರಿಸುವ ಶಕ್ತಿಯನ್ನು ಸರಿಯಾಗಿ ನೋಡದೆ ಸಾಲ ಕೊಟ್ಟಿದ್ದಕ್ಕಾಗಿ 3 ಲಕ್ಷ 30 ಸಾವಿರ ಗ್ರಾಹಕರ 22 ಕೋಟಿ ಪೌಂಡ್ ಸಾಲವನ್ನು ಅದು ಮನ್ನಾ ಮಾಡಬೇಕಾಯಿತು. ಆ ವರ್ಷ 3 ಕೋಟಿ 73 ಲಕ್ಷ ಪೌಂಡ್ ನಷ್ಟ, ಮರುವರ್ಷ 8 ಕೋಟಿ ದಾಟಿತು.

ಮೀಟರ್ ಬಡ್ಡಿಯವರ ಹೆದರಿಕೆ ಏನಾಯಿತು? ಮಿತಿಯ ಪರಿಣಾಮವನ್ನು ನಿಯಂತ್ರಕ ಸಂಸ್ಥೆ 2017ರಲ್ಲಿ ಪರಿಶೀಲಿಸಿತು. ಪೇಡೇ ಸಾಲ ಸಿಗದೆ ಹೋದವರು ಕಾನೂನುಬಾಹಿರ ಸಾಲಿಗರತ್ತ ಹೋದದ್ದಕ್ಕೆ ಪುರಾವೆ ಸಿಗಲಿಲ್ಲ. ಬಹುಪಾಲು ಜನ ಸಾಲವಿಲ್ಲದೆ ಸುಧಾರಿಸಿಕೊಂಡಿದ್ದರು, ಇಲ್ಲವೇ ಬಂಧುಮಿತ್ರರ ಬಳಿ ಕೇಳಿದ್ದರು. ಸುಮಾರು 7 ಲಕ್ಷ 60 ಸಾವಿರ ಸಾಲಗಾರರಿಗೆ ವರ್ಷಕ್ಕೆ ಒಟ್ಟು 15 ಕೋಟಿ ಪೌಂಡ್ ಉಳಿಯುತ್ತಿತ್ತು. ಇದನ್ನು ಪೂರ್ತಿ ಗೆಲುವೆಂದು ಮಾತ್ರ ನಾನು ಕರೆಯಲಾರೆ. ಸಾಲವಿಲ್ಲದೆ ಸುಧಾರಿಸಿಕೊಳ್ಳುವುದು ಎಂದರೆ ಕೆಲವು ಮನೆಗಳಲ್ಲಿ ಹೀಟರ್ ಹಚ್ಚದೆ ಕೂರುವುದು. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ಭತ್ಯೆಯ ಮೊದಲ ಹಣ ಕೈಸೇರಲು ಐದು ವಾರ ಕಾಯಬೇಕು ಎಂಬ ನಿಯಮ ಇರುವವರೆಗೆ ಆ ಐದು ವಾರದ ಕೊರತೆಯನ್ನು ಯಾವ ಬಡ್ಡಿಯ ಮಿತಿಯೂ ತುಂಬುವುದಿಲ್ಲ.

ದಿವಾಳಿಯ ನಂತರ

ಬೇಜವಾಬ್ದಾರಿಯಿಂದ ಸಾಲ ಕೊಟ್ಟಿರಿ ಎಂದು ಹಳೆಯ ಗ್ರಾಹಕರು ಸಲ್ಲಿಸಿದ ದೂರುಗಳು 2018ರಲ್ಲಿ ಪ್ರವಾಹದಂತೆ ಬಂದವು. ಆಗಸ್ಟ್‌ನಲ್ಲಿ ಷೇರುದಾರರು 1 ಕೋಟಿ ಪೌಂಡ್ ತುರ್ತು ಬಂಡವಾಳ ಹಾಕಿದರು. ಸಾಲಲಿಲ್ಲ. ಆಗಸ್ಟ್ 30ರಂದು ಕಂಪನಿ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು.

ಆ ಹೊತ್ತಿಗೆ ಸುಮಾರು 2 ಲಕ್ಷ ಜನರ ಬಳಿ ಅದರ ಸಾಲ ಬಾಕಿ ಇತ್ತು. ಕಂಪನಿ ಮುಳುಗಿತು, ಸಾಲವೂ ಮುಳುಗಿತು ಎಂದು ನೆಮ್ಮದಿಪಟ್ಟವರಿಗೆ ಸಿಕ್ಕ ಸೂಚನೆ, ಕಟ್ಟುವುದನ್ನು ಮುಂದುವರಿಸಿ ಎಂದು. ಸಂಸದ ಫ್ರ್ಯಾಂಕ್ ಫೀಲ್ಡ್, ಈ ಬಾಕಿ ಸಾಲಗಳನ್ನು ಚರ್ಚು ಕೊಂಡುಕೊಂಡು ಸಾಲಗಾರರನ್ನು ವಸೂಲಿಗಾರರಿಂದ ಕಾಪಾಡಲಿ ಎಂದು ಕೇಳಿಕೊಂಡರು. ಚರ್ಚಿನ ಹಣಕಾಸು ನೋಡುವವರು ಯೋಚಿಸಿ, ಅದು ತಮ್ಮ ಕೆಲಸವಲ್ಲ ಎಂದು ಕೈಬಿಟ್ಟರು.

ಇತ್ತ, ಕೊಡಬಾರದಿದ್ದ ಸಾಲ ಕೊಟ್ಟು ವಸೂಲು ಮಾಡಿದ ಬಡ್ಡಿಯನ್ನು ವಾಪಸು ಕೇಳಿದ್ದ ಲಕ್ಷಾಂತರ ಜನ ಕಾದು ಕುಳಿತರು. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಹಣ ಕೊಡುವ ಪರಿಹಾರ ಯೋಜನೆ ಪೇಡೇ ಸಾಲಕ್ಕೆ ಅನ್ವಯಿಸುತ್ತಿರಲಿಲ್ಲ. 2020ರಲ್ಲಿ ಬಂದ ಉತ್ತರ: ಒಂದು ಪೌಂಡಿಗೆ 4.3 ಪೆನ್ಸ್. 1,000 ಪೌಂಡ್ ಬರಬೇಕಿದ್ದವರಿಗೆ 43 ಪೌಂಡ್. ಅದೇ ಕಂಪನಿಗೆ ಸಾಲಗಾರರು ಕಟ್ಟಬೇಕಿದ್ದ ಬಾಕಿಗೆ ಮಾತ್ರ ಇಂಥ ರಿಯಾಯಿತಿಯಿರಲಿಲ್ಲ. ಮರುವರ್ಷ ಪ್ರಾವಿಡೆಂಟ್ ಕೂಡ ಇಂಥದ್ದೇ ಹಕ್ಕುದಾರರಿಗೆ ಪೌಂಡಿಗೆ ನಾಲ್ಕಾರು ಪೆನ್ಸ್‌ನ ಒಪ್ಪಂದ ಮಾಡಿಕೊಂಡು, ಮನೆಬಾಗಿಲಿನ ಸಾಲದ ವ್ಯವಹಾರವನ್ನೇ ಮುಚ್ಚಿತು.

ಬೆಲೆಗೆ ಮಿತಿ ಹಾಕುವಾಗಲೇ ಇನ್ನೊಂದು ಷರತ್ತನ್ನೂ ಹಾಕಬಹುದಿತ್ತು: ಇಂಥ ಸಾಲ ಕೊಡುವ ಪರವಾನಗಿ ಬೇಕೆನ್ನುವ ಪ್ರತಿ ಕಂಪನಿಯೂ ತನ್ನ ವಹಿವಾಟಿನ ಒಂದು ಪಾಲನ್ನು ಗ್ರಾಹಕರ ಪರಿಹಾರಕ್ಕಾಗಿ ಬೇರೆಯವರ ವಶದಲ್ಲಿ ಠೇವಣಿ ಇಡಬೇಕು, ಕಂಪನಿ ಮುಳುಗಿದರೆ ಆ ಹಣದ ಮೊದಲ ಹಕ್ಕು ಗ್ರಾಹಕರದ್ದು, ಉಳಿದವರೆಲ್ಲ ಆಮೇಲೆ. ಲಾಭ ಬರುತ್ತಿದ್ದ 2012ರ ಸುಮಾರಿಗೆ ಅಂಥ ಠೇವಣಿ ಕಟ್ಟುವುದು ವೊಂಗಾಕ್ಕೆ ಕಷ್ಟವಾಗುತ್ತಿರಲಿಲ್ಲ. ಸಣ್ಣ ಸಾಲದ ಉದ್ಯಮಕ್ಕೆ ನಿಯಮ ಬರೆಯಲು ಹೊರಟ ಯಾವುದೇ ಸರ್ಕಾರ ಬಡ್ಡಿಯ ಮಿತಿಯ ಜೊತೆಗೆ ಇದನ್ನೂ ಮೊದಲ ದಿನವೇ ಬರೆಯಬೇಕು, ಕಂಪನಿಗಳ ಕೈಯಲ್ಲಿ ಹಣ ಇರುವಾಗಲೇ.